ಮೊದಲ ಹಿಡಿ ಮಣ್ಣು

ಕುಣಿ ತೋಡಿದವರಿಗೆ ಇನ್ನೊಂದು ಗಳಿಗೆ ತಡೆಯಿರೆಂದು ಕೈಸನ್ನೆ ಮಾಡಿ ಯೂಸುಫ ಮತ್ತೆ ರಸ್ತೆಯ ಕಡೆ ಓಡಿದ. ಹಳಿಯಾಳದ ಕಡೆಯಿಂದ ಕಟ್ಟಿಗೆಯ ಲಾರಿಯೊಂದು ಬಂತು, ಹೋಯಿತು. ಅವನು ಕಾದಿದ್ದ ಗಾಡಿ ಬರಲಿಲ್ಲ.

ದಾಂಡೇಲಿಯ ಪೇಪರ್ ಮಿಲ್ಲಿನಿಂದ ನಿವೃತ್ತನಾಗಿದ್ದ ಕರಿಬಸಪ್ಪ ನಿನ್ನೆ ತೀರಿಕೊಂಡಿದ್ದ. ಹೆಂಡತಿ ಮೊದಲೇ ಹೋಗಿದ್ದಳು, ಮಕ್ಕಳಿರಲಿಲ್ಲ. ಹಳ್ಳಿಯ ಬಳಗಕ್ಕೆ ಫೋನು ಮಾಡಿದವನು ಪಕ್ಕದ ಮನೆಯ ಮೆಕ್ಯಾನಿಕ್ ಯೂಸುಫ. ಮೊದಲ ಹಿಡಿ ಮಣ್ಣು ಮನೆತನದವರೇ ಹಾಕಬೇಕು, ಅದೊಂದು ಆಗಿಬಿಟ್ಟರೆ ಕಾಕಾನಿಗೆ ಮತ್ತೇನೂ ಬೇಡ ಎಂದು ಅವನಿಗೆ ಗೊತ್ತಿತ್ತು.

"ಹೊತ್ತು ಇಳೀತು ಯೂಸುಫ," ಎಂದ ಶಾಸ್ತ್ರ ಮಾಡಿಸಲು ಬಂದಿದ್ದ ಅಡಿವೆಯ್ಯ. "ಹೆಣಾ ಕುಣ್ಯಾಗ ಕೂಡಿಸಿ ಹಿಂಗ ಎಷ್ಟೊತ್ತು ಕಾಯೂದು?"

*

ಕರಿಬಸಪ್ಪನಿಗಿದ್ದದ್ದು ಒಂದೇ ಹುಚ್ಚು. ಮಿಲ್ಲು ಸೇರಲು ಬಂದ ಅಪ್ಪ ತನ್ನ ಊರಿನ ಹೆಸರನ್ನೇ ಎತ್ತದೆ ಸತ್ತಿದ್ದ. ತನ್ನವರು ಯಾರೆಂದು ಹುಡುಕುತ್ತ ಮಗ ರವಿವಾರ ಬಂತೆಂದರೆ ಯೂಸುಫನ ಬೈಕಿನ ಹಿಂದೆ ಕೂತು ಊರೂರು ಅಲೆಯುತ್ತಿದ್ದ. ಕಟ್ಟೆಯ ಮೇಲಿನ ಮುದುಕರನ್ನು ಮಾತಾಡಿಸುವುದೆಂದರೆ ಅವನಿಗೆ ಹಬ್ಬದೂಟ. ಕಡೆಗೆ ಮುಂಡಗೋಡದ ಸಂತೆಯಲ್ಲಿ ಒಬ್ಬ ಹೇಳವ ಸಿಕ್ಕ. ಮನೆಮನೆಗೆ ಹೋಗಿ ಆ ಮನೆಯ ವಂಶಾವಳಿ ಹೇಳಿ ಕಾಳು ಪಡೆಯುವವನು. ಅಪ್ಪನ ಹೆಸರು ಕೇಳಿದ್ದೇ ತಡ, ಕಣ್ಣು ಮುಚ್ಚಿ ಹಿಂದಿನ ತಲೆಮಾರುಗಳಿಂದ ಹೇಳುತ್ತ ಬಂದ. ಅಪ್ಪನ ಹೆಸರಿಗೆ ಬಂದು ನಿಂತ. ಇವನು ಊರು ಬಿಟ್ಟ, ಅಲ್ಲಿಗೆ ವಂಶ ನಿಂತಿತು ಎಂದ.

"ನಿಂತಿಲ್ರಿ. ನಾ ಇದ್ದೇನಲ್ರಿ," ಎಂದು ಕರಿಬಸಪ್ಪ ಸಂತೆಯ ನಡುವೆಯೇ ಅತ್ತುಬಿಟ್ಟ.

ಹೇಳವನ ವಂಶಾವಳಿಗೆ ಕರಿಬಸಪ್ಪನ ಹೆಸರು ಸೇರಬೇಕಾದರೆ ಮನೆತನದವರು ಒಪ್ಪಬೇಕಿತ್ತು. ಯೂಸುಫನೂ ಅವನೂ ಹಣ್ಣು ಹಿಡಿದುಕೊಂಡು ಹೇಳವ ಹೇಳಿದ ಚಿಕ್ಕಪ್ಪನ ಮಗ ಉಳವಪ್ಪನ ಹಳ್ಳಿಗೆ ಹೋದರು. ಅಲ್ಲೇ ಕೆಟ್ಟಿತು. ವಂಶ ಹುಡುಕಿಕೊಂಡು ಬಂದವನು ಹೊಲದಲ್ಲಿ ಪಾಲು ಕೇಳದೆ ಬಿಟ್ಟಾನೆಯೇ ಎಂದು ಉಳವಪ್ಪ ಚಹಾ ಸಹ ಕೊಡದೆ ಸಾಗಹಾಕಿದ. ಆಮೇಲೆ ಕರಿಬಸಪ್ಪ ಬೈಕು ಹತ್ತಲಿಲ್ಲ. ಹೇಳವ ಕೊಟ್ಟ ಹೆಸರುಗಳನ್ನೇ ಮತ್ತೆ ಮತ್ತೆ ಹೇಳಿಕೊಳ್ಳುತ್ತ ಬಾಗಿಲಲ್ಲಿ ಕೂತಿರುತ್ತಿದ್ದ. ಕೇಳುವವನು ಯೂಸುಫನೊಬ್ಬನೇ.

*

ಕಡೆಗೂ ಹಳ್ಳಿಯ ಕ್ರೂಸರ್ ಗಾಡಿ ಬಂತು. ಉಳವಪ್ಪ ಇಳಿದವನು ಸ್ಮಶಾನದ ಬೇಲಿಯ ಹತ್ತಿರವೇ ನಿಂತ. ಅಡಿವೆಯ್ಯ ಕರೆದರೂ ಮುಂದೆ ಬರಲಿಲ್ಲ. ಮಣ್ಣು ಹಾಕಿದರೆ ಸಂಬಂಧ ಒಪ್ಪಿದಂತೆ, ನಾಳೆ ಹೊಲದ ಪಾಲಿಗೆ ಇವನ ವಾರಸುದಾರನೆಂದು ಯಾರು ಬಂದು ನಿಲ್ಲುತ್ತಾರೋ ಎಂಬ ಅಂಜಿಕೆ ಇನ್ನೂ ಹೋಗಿರಲಿಲ್ಲ.

ಯೂಸುಫ ಇನ್ನು ಕಾಯಲಿಲ್ಲ. "ಕಾಕಾನ ಮನಿತನ ನಾ ಹೇಳ್ತೇನ್ರಿ ಅಯ್ಯಾರ," ಎಂದು ಕುಣಿಯ ಅಂಚಿಗೆ ಬಂದ. "ಕರಿಬಸಪ್ಪನ ಅಪ್ಪ ಶಿವಲಿಂಗಪ್ಪ. ಶಿವಲಿಂಗಪ್ಪನ ಅಪ್ಪ..." ಬಾಯಿಪಾಠವಾಗಿದ್ದ ಹೆಸರು ಹೊರಡಲೇ ಇಲ್ಲ.

"ಬಾಳಪ್ಪ," ಎಂದಿತು ಬೇಲಿಯ ಕಡೆಯ ದನಿ. "ನಮ್ಮ ಮುತ್ಯಾ."

ಎಲ್ಲರೂ ತಿರುಗಿ ನೋಡಿದರು. ಉಳವಪ್ಪ ಬಗ್ಗಿ ಕಾಲ ಬುಡದ ಹಸಿಮಣ್ಣು ಹಿಡಿದುಕೊಂಡ. ಎರಡು ಹೆಜ್ಜೆ ಬಂದ. ಕುಣಿಯೊಳಗೆ ಕೂತವನ ಮುಖ ಕಂಡಿರಬೇಕು, ಅಲ್ಲೇ ನಿಂತ. ಆಮೇಲೆ ಸರ್ರನೆ ಹಿಂದಿರುಗಿ ಗಾಡಿ ಹತ್ತಿದ.

ಕ್ರೂಸರ್ ಹೋದ ಜಾಗದಲ್ಲಿ ಆ ಮಣ್ಣಿನ ಹೆಂಟೆ ಬಿದ್ದಿತ್ತು, ಉಳವಪ್ಪನ ಬೆರಳುಗಳ ಗುರುತು ಹಾಗೇ ಉಳಿದಿತ್ತು. ಯೂಸುಫ ಅದನ್ನು ಒಡೆಯದ ಹಾಗೆ ಎರಡೂ ಕೈಯಲ್ಲಿ ಎತ್ತಿಕೊಂಡು ಬಂದ. ಇನ್ನೂ ಯಾರೂ ಮಣ್ಣು ಹಾಕಿರಲಿಲ್ಲ. ಅವನು ಮೊಣಕಾಲೂರಿ ಬಗ್ಗಿ, ಅದನ್ನು ಮೆಲ್ಲಗೆ ಕರಿಬಸಪ್ಪನ ಮಡಿಲಿಗೆ ಇಳಿಸಿದ.