ಜತನ ಒತ್ತಿದಾಗ

ಉಮರ್ಗಾದ ಹೆದ್ದಾರಿ ಪಕ್ಕದ ಟೈರ್ ಅಂಗಡಿಯ ಮೇಲೆ ಎರಡು ಕೋಣೆ ಹಿಡಿದು ಉಜ್ವಲಾ ವೆಬ್‌ಸೈಟ್ ಮಾಡಿಕೊಡುವ ಕೆಲಸ ನಡೆಸುತ್ತಿದ್ದಳು. ಜೊತೆಗಿದ್ದವನು ಋಷಿಕೇಶ ಒಬ್ಬನೇ. ಆ ವರ್ಷ ಗುಂಜೋಟಿ ಕಡೆಯ ಒಂದು ಮಠದ ಕೆಲಸ ಬಂತು. ಮಠಕ್ಕೆ ನಡೆದುಕೊಳ್ಳುವ ಮನೆತನಗಳೆಲ್ಲ ಒಂದೆಡೆ ಸಿಗಬೇಕು, ಯಾವ ಊರಲ್ಲಿ ಪೂಜೆಗೆ ಯಾರನ್ನು ಕರೆಯಬೇಕೆಂದು ಜನ ಫೋನಿನಲ್ಲೇ ನೋಡಿಕೊಳ್ಳಬೇಕು ಎಂದು ಮಠದ ಕಾರಭಾರಿ ಶಾಂತಯ್ಯ ಹೇಳಿದ್ದರು.

ಉಜ್ವಲಾ ಒಂದು ಮನೆಗೆ ಒಂದು ಫಾರ್ಮ್ ಮಾಡಿ, ಅದರೊಳಗೆ ಆ ಮನೆಯ ಪ್ರತಿಯೊಬ್ಬರಿಗೂ ಒಂದೊಂದು ಚಿಕ್ಕ ಫಾರ್ಮ್ ಇಟ್ಟಳು. ಜನರಲ್ಲಿ ಎರಡು ಬಗೆ: ಪೂಜೆಗೆ ಹೋಗುವ ಪುರೋಹಿತರು, ಉಳಿದ ಭಕ್ತರು. ಹೆಸರು, ಊರು, ಫೋಟೋ ಇಬ್ಬರಿಗೂ ಇರುತ್ತವೆ; ಪುರೋಹಿತರಿಗೆ ಅವರು ನೋಡಿಕೊಳ್ಳುವ ಊರುಗಳು ಹೆಚ್ಚಿಗೆ. ಹಾಗಾಗಿ ಎಲ್ಲರನ್ನೂ ಒಂದೇ ಟೇಬಲ್ಲಿನಲ್ಲಿ ಕೂಡಿಸಿ, ಯಾರು ಯಾವ ಬಗೆ ಎಂದು ಹೇಳಲು ಒಂದು ಕಾಲಂ ಇಟ್ಟಿದ್ದಳು. ಮಠದ ಪಟ್ಟಿಯಿಂದ ಹೆಸರುಗಳನ್ನು ತುಂಬಿಯಾಗಿತ್ತು; ಫೋಟೋ ಮುಂತಾದವನ್ನು ಆಯಾ ಮನೆಯವರು ತಮ್ಮ ಫೋನಿನಿಂದಲೇ ಫಾರ್ಮ್ ತೆರೆದು ಸೇರಿಸಬಹುದಿತ್ತು.

ಸೈಟು ಶುರುವಾದ ಸ್ವಲ್ಪ ದಿನಕ್ಕೆ ತುರೋರಿಯಿಂದ ನೀಲಗಂಗಾ ಬಂದರು. ತಂದೆ ತೀರಿದ ಮೇಲೆ ಅವರ ಪಾಲಿನ ಮನೆಗಳ ಪೂಜೆ, ತೊಟ್ಟಿಲು, ವಾಸ್ತುಶಾಂತಿ ಎಲ್ಲ ತಾವೇ ನಡೆಸುತ್ತ ಬಂದ ಹೆಂಗಸು. ಹೆಣ್ಣುಮಕ್ಕಳಿಗೆ ಇದು ಸಲ್ಲದು ಎಂದು ಮೊದಲಿನಿಂದ ತಕರಾರು ತೆಗೆಯುತ್ತಿದ್ದವನು ಅವರ ಚಿಕ್ಕಪ್ಪನ ಮಗ ವಿಶ್ವಾರಾಧ್ಯ. ಈಗ ಸೈಟಿನಲ್ಲಿ ತುರೋರಿ ಎಂದು ಹುಡುಕಿದರೆ ವಿಶ್ವಾರಾಧ್ಯನ ಹೆಸರೊಂದೇ ಬರುತ್ತಿತ್ತು. ನೀಲಗಂಗಾ ಭಕ್ತರ ಸಾಲಿನಲ್ಲಿದ್ದರು.

ಋಷಿಕೇಶ ಕೂಡಲೇ ಸರಿಪಡಿಸಿದ. ಆದರೆ ಮುಂದಿನ ವಾರ ಅವರು ಮತ್ತೆ ಬಂದರು. ಹೆಸರು ಪುನಃ ಭಕ್ತರ ಸಾಲಿಗೆ ಹೋಗಿತ್ತು. ಈ ಸಲ ಕುರ್ಚಿ ಕೊಟ್ಟರೂ ಕೂರಲಿಲ್ಲ.

"ಭಕ್ತರಾಗೋದೇನು ಕಡಿಮಿ ಅಲ್ಲ," ಎಂದರು. "ಖರೆ ನಮ್ಮ ಮನ್ಯಾಗ ನನ್ನ ಒಬ್ಬಾಕಿ ಹೆಸರೇ ಯಾಕ ಸರೀತದ? ನೀನೂ ಪೂಜಿ ಮಾಡೋ ಅಯ್ಯಗಳ ಮನಿ ಮಗಳು. ಯಾರು ಮಾಡಸ್ಲಿಕತ್ತಾರ, ಅಷ್ಟು ಹೇಳು."

ವಿಚಾರಿಸಿ ಹೇಳುತ್ತೇನೆ ಎಂದಳು ಉಜ್ವಲಾ. ಅವರು ಹೋದ ಮೇಲೆ ಅವಳಿಗೊಂದು ನೋಟ ನೆನಪಾಯಿತು. ಬಸವಕಲ್ಯಾಣದಿಂದ ಬಸ್ಸಿನಲ್ಲಿ ಬರುವಾಗ ತುರೋರಿಯ ಹೋಟೆಲಿನ ಮುಂದೆ ಋಷಿಕೇಶ ವಿಶ್ವಾರಾಧ್ಯನ ಎದುರು ಕುಳಿತು ಚಹಾ ಕುಡಿಯುತ್ತಿದ್ದ. ಆಗ ಅದು ಏನೂ ಅನ್ನಿಸಿರಲಿಲ್ಲ. ಈಗ ಅನ್ನಿಸಿತು. ಅವಳಿಗೆ ಗೊತ್ತಿದ್ದಂತೆ ಬಗೆಯ ಕಾಲಂ ಬದಲಿಸಬಲ್ಲವರು ಇಬ್ಬರೇ, ಅವಳು ಮತ್ತು ಅವನು. ಅವನು ಫೋನು ಬಂದಾಗ ಮೆಟ್ಟಿಲಿಗೆ ಹೋಗಿ ಮಾತಾಡುವುದು, ಅವಳು ಬಂದರೆ ದನಿ ತಗ್ಗಿಸುವುದು, ಎಲ್ಲಕ್ಕೂ ಅವಳಿಗೆ ಬೇರೆ ಅರ್ಥ ಕಾಣತೊಡಗಿತು. ಕೇಳಿದರೆ ಎಚ್ಚೆತ್ತುಕೊಳ್ಳುತ್ತಾನೆ ಎಂದು ಕೇಳಲಿಲ್ಲ. ಸದ್ದಿಲ್ಲದೆ ಅವನ ಪಾಸ್‌ವರ್ಡ್ ಕಿತ್ತುಹಾಕಿದಳು.

ಮುಂಜಾನೆ ಬಂದವನಿಗೆ ಸೈಟು ತೆರೆಯಲಿಲ್ಲ. ಏನಾಯಿತೆಂದು ಕೇಳಿದ. ಎಲ್ಲರದೂ ಬದಲಿಸುತ್ತಿದ್ದೇನೆ ಎಂದಳು. ಇರುವವರೇ ಇಬ್ಬರು. ಅವನು ಅವಳ ಮುಖವನ್ನೊಮ್ಮೆ ನೋಡಿ, ಹೆಲ್ಮೆಟ್ ತೆಗೆದುಕೊಂಡು ಇಳಿದುಹೋದ. ಮರುದಿನವೂ ಬರಲಿಲ್ಲ.

ನೀಲಗಂಗಾರ ಹೆಸರನ್ನು ಉಜ್ವಲಾ ಈ ಸಲ ತಾನೇ ಸರಿಪಡಿಸಿದಳು. ಮರುದಿನ ನೋಡಿದರೆ ಅವರು ಮತ್ತೆ ಭಕ್ತರ ಸಾಲಿನಲ್ಲಿದ್ದರು.

ಕೊನೆಯ ಸಲ ಆ ಮನೆಯ ಫಾರ್ಮನ್ನು ಯಾರು ತೆರೆದಿದ್ದಾರೆಂದು ಹುಡುಕಿದಾಗ ನೀಲಗಂಗಾರ ಮನೆಯ ಫೋನೇ ಸಿಕ್ಕಿತು. ಅದನ್ನು ಬಳಸುತ್ತಿದ್ದವಳು ಅವರ ಅಣ್ಣನ ಮಗಳು ಮನೀಷಾ. ಅನುಮಾನ ಈಗ ಆ ಹುಡುಗಿಯ ಮೇಲೆ ತಿರುಗಿತು. ವಿಶ್ವಾರಾಧ್ಯ ಅವಳನ್ನು ತನ್ನ ಕಡೆಗೆ ಒಲಿಸಿಕೊಂಡಿರಬಹುದು. ಅವಳನ್ನೂ ನೀಲಗಂಗಾರನ್ನೂ ಕರೆಸಿದಳು.

ಮನೀಷಾಳ ಕಣ್ಣಲ್ಲಿ ನೀರು ಬಂತು. ತಾನು ಒಂದೊಂದು ಸಲ ಒಬ್ಬೊಬ್ಬರಂತೆ ಮನೆಯವರ ಫೋಟೋ ಹಾಕಿದ್ದು ಬಿಟ್ಟರೆ ಏನೂ ಮುಟ್ಟಿಲ್ಲ ಎಂದಳು. ನೀಲಗಂಗಾ ಅಣ್ಣನ ಮಗಳನ್ನೂ ಉಜ್ವಲಾಳನ್ನೂ ಬದಲಿಸಿ ಬದಲಿಸಿ ನೋಡುತ್ತಿದ್ದರು. ಉಜ್ವಲಾ ಹೆಸರನ್ನು ಸರಿಪಡಿಸಿ, ಅವತ್ತು ಮಾಡಿದಂತೆಯೇ ಇಲ್ಲಿ ಮಾಡು ಎಂದಳು. ಹುಡುಗಿ ಫಾರ್ಮ್ ತೆರೆದು, ಫೋಟೋ ಹಾಕಿ, ಕೆಳಗಿದ್ದ 'ಜತನ' ಎಂಬ ಸೇವ್ ಬಟನ್ ಒತ್ತಿದಳು. ನೀಲಗಂಗಾರ ಸಾಲಿನ ಹತ್ತಿರವೂ ಅವಳ ಬೆರಳು ಹೋಗಿರಲಿಲ್ಲ. ಆದರೂ ಉಜ್ವಲಾಳ ಪರದೆಯ ಮೇಲೆ ಅವರು ಭಕ್ತರಾದರು.

ಆಮೇಲೆ ಹುಡುಕುವುದು ಕಷ್ಟವಾಗಲಿಲ್ಲ. ಮನೆಯ ಫಾರ್ಮನ್ನು ಪ್ರತಿ ಸಲ ಜತನ ಮಾಡಿದಾಗಲೂ ಒಳಗಿನ ಚಿಕ್ಕ ಫಾರ್ಮುಗಳ ಜನರೆಲ್ಲ ಹೊಸದಾಗಿ ಬರೆಯಲ್ಪಡುತ್ತಿದ್ದರು. ಹೆಸರು, ಊರು, ಫೋಟೋ ಜೊತೆಗೆ ಬರುತ್ತಿದ್ದವು. ಬಗೆ ಮಾತ್ರ ಬರುತ್ತಿರಲಿಲ್ಲ. ಬಗೆಯಿಲ್ಲದವರನ್ನು ಟೇಬಲ್ಲು ಭಕ್ತರೆಂದೇ ಹಿಡಿಯುತ್ತಿತ್ತು. ಆ ಮನೆಯಲ್ಲಿ ಉಳಿದವರೆಲ್ಲ ಮೊದಲೇ ಭಕ್ತರು, ಆದ್ದರಿಂದ ಬದಲಾದದ್ದು ನೀಲಗಂಗಾ ಒಬ್ಬರದೇ ಕಂಡಿತು. ವಿಶ್ವಾರಾಧ್ಯನ ಮನೆಯಲ್ಲಿ ಯಾರೂ ಇನ್ನೂ ಫಾರ್ಮ್ ತೆರೆದಿರಲಿಲ್ಲ. ಆ ಭಾಗವನ್ನು ಬರೆದವಳು ಉಜ್ವಲಾ.

ತಪ್ಪು ನಂದೇ ಎಂದು ಹೇಳಿದಳು. ನೀಲಗಂಗಾ ನಂಬಲಿಲ್ಲ.

"ಮಷಿನ್ನಿಗಿ ನನ್ನ ಮ್ಯಾಲ ಏನ್ ಸಿಟ್ಟವ್ವಾ? ಹಂಗಿದ್ರ ಅವನ ಮನಿದೂ ಒತ್ತಿ ತೋರ್ಸು."

ಒತ್ತಿದಳು. ವಿಶ್ವಾರಾಧ್ಯ ಭಕ್ತನಾದ. ನೀಲಗಂಗಾ, ಇದು ಎರಡು ದಿನ ಹೀಗೇ ಇರಲಿ ಎಂದರು. ಉಜ್ವಲಾ ಒಪ್ಪದೆ ಇಬ್ಬರನ್ನೂ ಸ್ವಸ್ಥಾನಕ್ಕೆ ತಂದು, ಬಗೆಯನ್ನೂ ಜೊತೆಗೊಯ್ಯುವಂತೆ ಫಾರ್ಮನ್ನು ತಿದ್ದಿದಳು. ಅಷ್ಟರಲ್ಲಿ ತುರೋರಿಯ ಕೆಲವು ಮನೆಗಳಿಂದ ವಾಸ್ತುಶಾಂತಿಗೆ ವಿಶ್ವಾರಾಧ್ಯನಿಗೆ ಹೇಳಿಯಾಗಿತ್ತು. ಅವು ನೀಲಗಂಗಾರ ಕಡೆಗೆ ಮರಳಲಿಲ್ಲ.

ಸಂಜೆ ಉಜ್ವಲಾ ಋಷಿಕೇಶನ ಮನೆಗೆ ಹೋದಳು. ಬಾಗಿಲು ತೆಗೆದವಳು ಅವನ ತಂಗಿ ಮೀನಲ. ಅಂಗಳದಲ್ಲಿ ಹೊಸ ಸೀರೆಗಳನ್ನು ಹರಡಿಕೊಂಡು ನೆಂಟರು ಕುಳಿತಿದ್ದರು. ವಿಶ್ವಾರಾಧ್ಯನ ಬಳಿ ಅವನು ಹೋಗಿದ್ದು ಮೀನಲಳ ಮದುವೆಯ ಮುಹೂರ್ತ ಕೇಳಲು. ಗಂಡಿನ ಕಡೆಯವರು ಒಪ್ಪುವವರೆಗೆ ಯಾರಿಗೂ ಹೇಳಬೇಡ ಎಂದು ತಾಯಿ ತಾಕೀತು ಮಾಡಿದ್ದರು. ಉಜ್ವಲಾ ನಡೆದದ್ದನ್ನೆಲ್ಲ ಹೇಳಿದಳು.

"ಒಂದು ಮಾತು ಕೇಳಿದ್ರ ಹೇಳತಿದ್ನಲ್ಲ, ಅಕ್ಕಾ," ಎಂದಷ್ಟೇ ಅಂದ ಋಷಿಕೇಶ.

ಮದುವೆ ಮುಗಿದ ಮೇಲೆ ಅವನು ಕೆಲಸಕ್ಕೆ ಬಂದ. ಮೊದಲಿನಂತೆಯೇ ಚೆನ್ನಾಗಿ ಕೆಲಸ ಮಾಡುತ್ತಿದ್ದ. ಆದರೆ ಫೋನು ಬಂದರೆ ಇದು ಇಂಥವರದು ಎಂದು ಹೇಳಿಯೇ ಎತ್ತುತ್ತಿದ್ದ. ಚಹಾಕ್ಕೆ ಇಳಿಯುವಾಗ ಯಾರ ಜೊತೆ ಎಂದು ತಿಳಿಸಿ ಇಳಿಯುತ್ತಿದ್ದ. ಹಾಗೆ ಹೇಳಬೇಕಾಗಿಲ್ಲ ಎಂದು ಉಜ್ವಲಾ ಎರಡು ಮೂರು ಸಲ ಅಂದಳು. ಅವನು ಹೂಂ ಎನ್ನುತ್ತಿದ್ದ, ಮರುದಿನ ಮತ್ತೆ ಹೇಳುತ್ತಿದ್ದ.