ನಾಲ್ಕನೆಯ ಪುಸ್ತಕದ ಮಿಣುಕಿ

ಪ್ರಕಾಶನದಿಂದ ಬಂದ ಸಂಪಾದಕಿ ನನ್ನ ಊಟದ ಮೇಜಿನ ಮೇಲೆ ಒಂದು ನಕ್ಷೆ ಹಾಸಿದಳು. ಅದು ಸುರುಳಿ ಸುತ್ತಿಕೊಳ್ಳದಂತೆ ಒಂದು ತುದಿಗೆ ಸಕ್ಕರೆ ಡಬ್ಬಿ, ಇನ್ನೊಂದಕ್ಕೆ ನನ್ನ ಕನ್ನಡಕದ ಪೆಟ್ಟಿಗೆ ಇಡಬೇಕಾಯಿತು. ನಮ್ಮ ದೊಡ್ಡಪ್ಪ ಬರೆದ ಎಂಟು ಕಾದಂಬರಿಗಳು ಎಂಟು ಬಣ್ಣದ ವೃತ್ತಗಳಾಗಿ ಅದರಲ್ಲಿದ್ದವು. ಒಂದರಿಂದ ಇನ್ನೊಂದಕ್ಕೆ ಬಾಣಗಳು. ಮಾತಾಡುವ ಬೆಟ್ಟ, ನೆರಳಿಲ್ಲದ ರಾಜ, ಇಂಥವೆಲ್ಲ ಬರುವ ಪುಸ್ತಕಗಳು ಅವು. ಒಂದು ಕಾಲಕ್ಕೆ ಬಾಡಿಗೆ ಪುಸ್ತಕದ ಅಂಗಡಿಗಳಲ್ಲಿ ಜನ ಅವಕ್ಕಾಗಿ ಕಿತ್ತಾಡುತ್ತಿದ್ದರು. ಈಗ ಎಂಟನ್ನೂ ಒಂದೇ ಸಂಪುಟವಾಗಿ ತರುತ್ತಾರಂತೆ.

“ಎಂಟೂ ಒಂದೇ ಲೋಕದಲ್ಲಿ ನಡೆಯೋ ಕಥೆಗಳು, ಅಲ್ವಾ ಅಮ್ಮಾ?” ಎಂದಳು. “ಕರಿಹೊಳೆ ಎಂಟರಲ್ಲೂ ಹರಿಯುತ್ತೆ. ಹಿಂದಕ್ಕೆ ಓಡೋ ಗಡಿಯಾರ ಆರರಲ್ಲಿದೆ. ಬಾಯಿಗೆ ಬಂದ ಹಾಗೆ ಬೈಯೋ ಹೋಟೆಲಿನ ಒಡತಿ ಎಲ್ಲದರಲ್ಲೂ ಇದ್ದಾಳೆ. ಇದೆಲ್ಲ ಸುಮ್ಮನೆ ಬರೋಕೆ ಸಾಧ್ಯಾನಾ?”

ನನಗೆ ನಗು ತಡೆಯಲಾಗಲಿಲ್ಲ.

“ನೋಡಮ್ಮ, ಅವರು ಗಡಿಯಾರ ರಿಪೇರಿ ಮಾಡ್ತಿದ್ದೋರು. ಅವರ ಕಥೇಲಿ ಗಡಿಯಾರ ಬರದೆ ಟ್ರ್ಯಾಕ್ಟರ್ ಬರುತ್ತಾ? ಹೆಸರಿಡೋದು ಅಂದ್ರೆ ಅವರಿಗೆ ತಲೆನೋವು. ಒಂದು ಸಲ ಸಿಕ್ಕ ಹೆಸರನ್ನ ಹಳೇ ಸ್ಕ್ರೂ ಥರ ಡಬ್ಬೀಲಿಟ್ಟು, ಬೇಕಾದ ಕಡೆ ಹಾಕೋರು. ಇನ್ನು ಆ ಒಡತಿ ನಮ್ಮ ದೊಡ್ಡಮ್ಮ. ಅವರು ಒಂದು ಪುಸ್ತಕಾನೂ ಓದಲಿಲ್ಲ, ದೊಡ್ಡಪ್ಪ ಬಚಾವಾದ್ರು.”

ಪಾಪ, ಹುಡುಗಿಯ ಮುಖ ಸಪ್ಪಗಾಯಿತು. ಎರಡು ವರ್ಷ ಕೂತು ಬರೆದ ನಕ್ಷೆಯಂತೆ. ಸ್ವಲ್ಪ ಬೇಜಾರಾಯಿತು, ಸುಳ್ಳು ಹೇಳುವುದೇಕೆ, ಸ್ವಲ್ಪ ಖುಷಿಯೂ ಆಯಿತು. ದೊಡ್ಡಪ್ಪನ ಬಗ್ಗೆ ನನಗಿಂತ ಹೆಚ್ಚು ಬಲ್ಲೆ ಎನ್ನುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಆಗುವುದಿಲ್ಲ.

“ಒಂದೇ ಒಂದು ತೊಡಕಿದೆ,” ಎಂದು ಅವಳು ಚೀಲದಿಂದ ಒಂದು ಕಟ್ಟು ಹಾಳೆ ತೆಗೆದಳು. “ದೀಪ ಹಚ್ಚೋ ಮಿಣುಕಿ. ಮೊದಲನೇ ಪುಸ್ತಕದ ಕೊನೇಲಿ ಸೇತುವೆ ಮೇಲೆ ಸಾಯ್ತಾಳೆ. ನಾಲ್ಕನೇದರಲ್ಲಿ ಸುಂಕದ ಬಾಗಿಲಲ್ಲಿ ಕೂತು ದಾರಿ ಹೇಳ್ತಾಳೆ. ಸತ್ತೋಳು ಎದ್ದು ಬಂದಿದ್ದು ಹೇಗೆ ಅಂತ ತಲೆ ಕೆಡಿಸ್ಕೊಂಡಿದ್ದೆ. ಆಮೇಲೆ ನಿಮ್ಮ ಅಣ್ಣ ಅವರಪ್ಪನ ಹಸ್ತಪ್ರತಿ ಕೊಟ್ರು. ಅದರಲ್ಲಿ ಮಿಣುಕೀನೇ ಇಲ್ಲ! ಬರೀ ‘ಸುಂಕದ ಮುದುಕಿ’ ಅಂತಿದೆ. ಹನ್ನೊಂದು ಕಡೇನೂ ಅಷ್ಟೇ. ಅಂದ್ರೆ ಇದು ಅಚ್ಚಿನ ಮನೆ ತಪ್ಪು. ಹೊಸ ಸಂಪುಟದಲ್ಲಿ ಮಿಣುಕಿಯನ್ನ ತೆಗೆದುಬಿಡ್ತೀವಿ. ಟೈಪ್ ಮಾಡಿದ್ದು ನೀವಂತೆ, ನೀವೊಂದು ಹೂಂ ಅಂದ್ರೆ ಮುಗೀತು.”

ಐವತ್ತು ವರ್ಷದ ಹಿಂದಿನ ಕಳ್ಳತನ ನನ್ನದೇ ಮೇಜಿನ ಮೇಲೆ ಬಂದು ಕೂತಿತ್ತು.

ದೊಡ್ಡಪ್ಪನ ಅಂಗಡಿಯ ಹಿಂದಿನ ಕೋಣೆಯಲ್ಲಿ ನನ್ನ ಟೈಪ್ ಮಿಷಿನ್ ಇತ್ತು. ಮುಂದಿನ ಕೋಣೆಯ ಗೋಡೆ ತುಂಬ ಗಡಿಯಾರಗಳು, ಒಂದಕ್ಕೊಂದು ತಾಳೆಯಿಲ್ಲ. ಹನ್ನೆರಡು ಹೊಡೆಯಲು ಹತ್ತು ನಿಮಿಷ ಬೇಕಾಗುತ್ತಿತ್ತು. ರಿಪೇರಿಗೆ ಬಂದ ಪ್ರತಿಯೊಂದಕ್ಕೂ ದೊಡ್ಡಪ್ಪ ಒಂದು ಚೀಟಿ ಕಟ್ಟುತ್ತಿದ್ದರು. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡೇ ಬರೆಯುತ್ತಿದ್ದರಿಂದ ಅಕ್ಷರಗಳು ಎಳ್ಳುಕಾಳಿನಷ್ಟು. ಕೆಲಸ ಮುಗಿದ ಮೇಲೆ ಅದೇ ಚೀಟಿಯಲ್ಲಿ ‘ಸರಿಮಾಡಿದೆ’ ಎಂದು ಬರೆದು ತಾರೀಖು ಹಾಕುತ್ತಿದ್ದರು. ಕಾದಂಬರಿ ಬರೆಯುವಾಗ ಮಾತ್ರ ದಪ್ಪ ಅಕ್ಷರ, ಪುಟಕ್ಕೆ ಹನ್ನೆರಡೇ ಸಾಲು. ಆ ಅಂಗಡಿಯ ಎಣ್ಣೆಯ ವಾಸನೆ, ಅವರ ಬೆರಳಿನ ತುದಿಯ ಕಪ್ಪು, ಮಧ್ಯಾಹ್ನ ಬಾಗಿಲು ಅರ್ಧ ಮುಚ್ಚಿದಾಗ ನೆಲದ ಮೇಲೆ ಬೀಳುತ್ತಿದ್ದ ಬಿಸಿಲ ಪಟ್ಟಿ, ಇವನ್ನೆಲ್ಲ ಇನ್ನೊಂದು ಸಲ ನೋಡಲು ಏನು ಬೇಕಾದರೂ ಕೊಟ್ಟೇನು.

“ಟೈಪ್ ಮಾಡೋರಿಗೆ ಕಣ್ಣು, ಬೆರಳು ಇದ್ರೆ ಸಾಕು. ತಲೆ ನಂದು,” ಎನ್ನುತ್ತಿದ್ದರು.

ಅಪ್ಪನ ಮುಖ ನನಗೆ ನೆನಪಿಲ್ಲ. ಅಮ್ಮ ಮತ್ತು ನಾನು ದೊಡ್ಡಪ್ಪನ ಮನೆಯಲ್ಲೇ ಇದ್ದೆವು. ಅಮ್ಮ ಎಲ್ಲಿಗೆ ಹೊರಟರೂ ಬಾಗಿಲ ಚಿಲಕವನ್ನು ಮೂರು ಸಲ ಎಳೆದು ನೋಡುತ್ತಿದ್ದಳು. ಮೂಲೆ ಅಂಗಡಿಗೆ ಹೋದರೂ ಸರಿ, “ಈಗ ಬಂದೆ” ಎಂದು ಹೇಳಿಯೇ ಹೋಗುತ್ತಿದ್ದಳು. ನನಗೆ ಹದಿನೈದಾದಾಗ ಜ್ವರವೆಂದು ಆಸ್ಪತ್ರೆಗೆ ಹೊರಟಾಗಲೂ ಕಾರಿನ ಕಿಟಕಿಯಿಂದ ಅದನ್ನೇ ಹೇಳಿದಳು. ನಾನು ಪಾತ್ರೆ ತೊಳೆಯುತ್ತಿದ್ದೆ, ಹೂಂ ಎಂದೆ. ಅವಳು ಬರಲಿಲ್ಲ.

ಮರುವರ್ಷ ದೊಡ್ಡಪ್ಪ ಮೊದಲ ಪುಸ್ತಕ ಬರೆದರು. ಆಗತಾನೇ ಟೈಪಿಂಗ್ ಕಲಿತಿದ್ದ ನಾನೇ ಟೈಪ್ ಮಾಡಿದೆ. ದೀಪದ ಗೂಡಿನ ಚಿಲಕವನ್ನು ಮೂರು ಸಲ ಎಳೆಯುವ, “ಈಗ ಬಂದೆ” ಎನ್ನುವ ಮಿಣುಕಿ ಯಾರೆಂದು ನನಗೆ ಯಾರೂ ಹೇಳಬೇಕಾಗಿರಲಿಲ್ಲ. ಅವಳನ್ನು ಅವರು ಕೊನೆಯ ಪುಟದಲ್ಲಿ ಕೊಂದರು. ‘ಮಿಣುಕಿ ಸೇತುವೆಯ ಮೇಲೆ ಸತ್ತಳು’ ಎಂಬ ಸಾಲನ್ನು ನನ್ನ ಬೆರಳುಗಳೇ ಹೊಡೆದವು. ಆ ಸಿಟ್ಟು ನನಗೆ ಹೋಗಲೇ ಇಲ್ಲ.

ನಾಲ್ಕನೆಯ ಪುಸ್ತಕದ ಹೊತ್ತಿಗೆ ನನಗೆ ಹತ್ತೊಂಬತ್ತು. ಅಮ್ಮ ಹೋಗಿ ನಾಲ್ಕು ವರ್ಷವಾದ ದಿನ. ಬೆಳಗ್ಗೆಯಿಂದ ಮನೆಯಲ್ಲಿ ಒಬ್ಬರೂ ಅವಳ ಮಾತೆತ್ತಲಿಲ್ಲ. ದೊಡ್ಡಮ್ಮ ಹಾಲು ಉಕ್ಕಿದ್ದಕ್ಕೆ ಬೈದರು, ಅಣ್ಣ ಚಪ್ಪಲಿ ಹುಡುಕಿದ, ದೊಡ್ಡಪ್ಪ ಒಂದು ಕೈಗಡಿಯಾರ ಬಿಚ್ಚಿಕೊಂಡು ಕೂತರು. ನಾನು ಮಿಷಿನ್ ಮುಂದೆ ಕೂತೆ. ಹಾಳೆಯಲ್ಲಿ ‘ಸುಂಕದ ಮುದುಕಿ’ ಎಂದಿತ್ತು. ನಾನು ‘ಮಿಣುಕಿ’ ಎಂದು ಹೊಡೆದೆ.

ದಿನವೂ ಊಟವಾದ ಮೇಲೆ ಟೈಪಾದ ಹಾಳೆಗಳನ್ನು ದೊಡ್ಡಪ್ಪ ಗಟ್ಟಿಯಾಗಿ ಓದುತ್ತಿದ್ದರು, ನಾನು ಅವರ ಹಸ್ತಪ್ರತಿ ಹಿಡಿದು ತಾಳೆ ನೋಡುತ್ತಿದ್ದೆ. ಆ ದಿನ ಓದಿದರು. “ಸುಂಕದ ಬಾಗಿಲಲ್ಲಿ ಮಿಣುಕಿ...” ನಿಂತರು. ಗೋಡೆ ನೋಡಿದರು. ಒಂದು ಲೋಟ ನೀರು ಕೇಳಿದರು. ನಾನು ತಂದುಕೊಟ್ಟೆ. ಕುಡಿದು ಮುಂದಕ್ಕೆ ಓದಿದರು. ಅಷ್ಟೇ. ಉಳಿದ ಹತ್ತು ಕಡೆಯೂ ನಾನು ಮಿಣುಕಿಯನ್ನೇ ಕೂರಿಸಿದೆ. ಅವರು ಆಮೇಲೆ ನಾಲ್ಕು ಪುಸ್ತಕ ಬರೆದರು. ಈ ಮಾತನ್ನು ನಾನೂ ಎತ್ತಲಿಲ್ಲ, ಅವರೂ ಎತ್ತಲಿಲ್ಲ. ನೊಂದುಕೊಂಡು ಸುಮ್ಮನಾದರೋ, ಮಗುವೆಂದು ಬಿಟ್ಟರೋ, ಮರೆತೇ ಬಿಟ್ಟರೋ ನನಗೆ ಗೊತ್ತಾಗಲೇ ಇಲ್ಲ.

“ಅಚ್ಚಿನ ಮನೆ ತಪ್ಪಲ್ಲಮ್ಮ,” ಎಂದೆ. “ನಾನೇ ಬೇಕು ಅಂತ ಮಾಡಿದ್ದು.” ಎಲ್ಲವನ್ನೂ ಹೇಳಿದೆ. ಹೇಳುತ್ತ ಅತ್ತುಬಿಟ್ಟೆ, ಈ ವಯಸ್ಸಿನಲ್ಲಿ.

ಹುಡುಗಿ ಒಳ್ಳೆಯವಳು. ನನ್ನ ಕೈ ಹಿಡಿದುಕೊಂಡಳು. ಆದರೆ ಕೆಲಸದಲ್ಲಿ ಗಟ್ಟಿ.

“ಹಾಗಾದ್ರೆ ತೆಗೀಲೇಬೇಕಮ್ಮಾ. ಅದು ಅವರ ಮಾತಲ್ಲ, ನಿಮ್ಮದು.”

“ತೆಗೀಬೇಡ.”

“ಅವರು ಒಪ್ಪಿದ್ರು ಅನ್ನೋಕೆ ಅವರ ಕೈಯಲ್ಲಿ ಬರೆದಿದ್ದು ಏನಾದ್ರೂ ಇದ್ರೆ ಕೊಡಿ. ಇಲ್ಲದೆ ಹೇಗೆ ಬಿಡಲಿ?”

ನನ್ನ ಹತ್ತಿರ ಏನೂ ಇರಲಿಲ್ಲ. ಅವಳ ಜಾಗದಲ್ಲಿ ನಾನಿದ್ದರೂ ಅದನ್ನೇ ಹೇಳುತ್ತಿದ್ದೆ, ಅದಕ್ಕೇ ಇನ್ನಷ್ಟು ಉರಿಯಿತು. ಅಮ್ಮನನ್ನು ಎರಡನೆಯ ಸಲ ಕಳಿಸಿಕೊಡುವುದಕ್ಕೆ ಹೂಂ ಎನ್ನಬೇಕಿತ್ತು.

ಅವಳು ನಕ್ಷೆ ಸುತ್ತಿ, ಹಾಳೆಗಳನ್ನು ಚೀಲಕ್ಕೆ ಹಾಕುವಾಗ ಮೊದಲನೆಯ ಪುಸ್ತಕದ ಹಳೆಯ ಪ್ರತಿಯೊಂದು ಜಾರಿ ಬಿತ್ತು. “ಇದೂ ನಿಮ್ಮ ಅಣ್ಣ ಕೊಟ್ಟಿದ್ದೇ. ಯಾರೋ ಓದುಗರು ಗೀಚಿ ಹಾಳು ಮಾಡಿದ್ದಾರೆ, ಕೊನೇ ಪುಟ ನೋಡಿ,” ಎಂದು ಕೊಟ್ಟಳು.

ಕೊನೆಯ ಪುಟದಲ್ಲಿ ‘ಮಿಣುಕಿ ಸೇತುವೆಯ ಮೇಲೆ ಸತ್ತಳು’ ಎಂಬ ಸಾಲಿಗೆ ಒಂದು ನೇರ ಗೆರೆ ಎಳೆದಿತ್ತು. ಅಂಚಿನಲ್ಲಿ ಎಳ್ಳುಕಾಳಿನಷ್ಟು ಅಕ್ಷರಗಳು. ನಾನು ಕನ್ನಡಕ ಒರೆಸಿ ಓದಿದೆ.

‘“ಈಗ ಬಂದೆ” ಎಂದು ಹೇಳಿ ಮಿಣುಕಿ ಸೇತುವೆ ದಾಟಿ ಹೋದಳು.’

ಅದರ ಕೆಳಗೆ ‘ಸರಿಮಾಡಿದೆ’. ಅದರ ಕೆಳಗೆ ತಾರೀಖು. ಅಮ್ಮ ಹೋದ ತಾರೀಖು, ನಾಲ್ಕನೆಯ ವರ್ಷದ್ದು. ನೀರು ಕೇಳಿದ ದಿನ.

ನಾನು ಎದ್ದು ಗೋಡೆಗಡಿಯಾರ ಇಳಿಸಿದೆ. ದೊಡ್ಡಪ್ಪನ ಅಂಗಡಿಯದೇ ಅದು. ರಿಪೇರಿಗೆ ಕೊಟ್ಟವರು ಮತ್ತೆ ಬರಲಿಲ್ಲ. ಬೆನ್ನಿಗೆ ಕಟ್ಟಿದ್ದ ಚೀಟಿಯನ್ನು ಪುಟದ ಪಕ್ಕ ಹಿಡಿದೆ. ಅದೇ ಎಳ್ಳುಕಾಳು, ಅದೇ ‘ಸರಿಮಾಡಿದೆ’.

ಸಂಪಾದಕಿ ಎರಡನ್ನೂ ತುಂಬ ಹೊತ್ತು ನೋಡಿದಳು. “ಮುಂದಿನ ಮುದ್ರಣಕ್ಕೆ ತಿದ್ದಿಟ್ಟಿದ್ದಾರೆ,” ಎಂದಳು ಮೆಲ್ಲಗೆ. “ಆ ಪ್ರಕಾಶನ ಮುಚ್ಚಿಹೋಯ್ತು. ಮುಂದಿನ ಮುದ್ರಣ ಬರಲೇ ಇಲ್ಲ.”

“ಈಗ ಬರುತ್ತಲ್ಲ.”

ಅವಳು ನಕ್ಷೆಯನ್ನು ಮತ್ತೆ ಬಿಚ್ಚಿ, ಮೊದಲನೆಯ ವೃತ್ತದಿಂದ ನಾಲ್ಕನೆಯದಕ್ಕೆ ಒಂದು ಬಾಣ ಎಳೆದಳು. “ಹಾಗಾದ್ರೆ ಒಂದೇ ಲೋಕ ಅಂತ ಬರೀಲಾ ಅಮ್ಮಾ?”

“ಉಳಿದಿದ್ದು ನನಗೆ ಗೊತ್ತಿಲ್ಲ. ಇವೆರಡು ಒಂದೇ. ಬರ್ಕೋ.”

ಆ ಸಾಲನ್ನು ಅವಳು ಫೋನಿನಲ್ಲಿ ಬರೆದುಕೊಳ್ಳಲು ಹೊರಟಳು. ತಾಳು ಎಂದು ಮಂಚದ ಕೆಳಗಿನಿಂದ ಮಿಷಿನ್ ಎಳೆದು ಹಾಳೆ ಸಿಕ್ಕಿಸಿದೆ. ರಿಬ್ಬನ್ ಒಣಗಿತ್ತು, ಅಕ್ಷರಗಳು ಮಸುಕು ಮಸುಕಾಗಿ ಬಂದವು. ದೊಡ್ಡಪ್ಪ ಬರೆದಂತೆಯೇ ಹೊಡೆದೆ, ಈ ಸಲ ಒಂದಕ್ಷರವನ್ನೂ ಬದಲಿಸಲಿಲ್ಲ.