ಬಾಯೊಳಗಿನ ಹರಳು

ಹುಡುಗಿಯ ಗಂಟಲಲ್ಲಿ ಹರಳುಗಲ್ಲು ಸಿಕ್ಕಿಕೊಂಡದ್ದು ಬುಧವಾರ. ಗುರುವಾರ ಬೆಳಗ್ಗೆ ಪ್ರಾರ್ಥನೆ ಮುಗಿಯುವುದರೊಳಗೆ ಅವಳ ತಾಯಿ ಮರೆಮ್ಮ ಶಾಲೆಯ ಬಾಗಿಲಲ್ಲಿ ನಿಂತಿದ್ದಳು. ಕಲ್ಲಿನ ಖಣಿಯಿಂದ ನೇರ ಬಂದಿದ್ದಳು. ಕೈಗೂ ಹುಬ್ಬಿಗೂ ಬಿಳಿ ಧೂಳು ಮೆತ್ತಿತ್ತು.

"ಅಕ್ಕೋರೆ, ಹೊರಗ ಬರ್ರಿ."

ಶರಣಬಸಮ್ಮ ಕುರ್ಚಿ ಬಿಟ್ಟು ಏಳಲಿಲ್ಲ. ಶಹಾಬಾದಿನ ಬಾಡಿಗೆ ಮನೆಯೊಂದರಲ್ಲಿ ನಡೆಯುತ್ತಿದ್ದ ಆ ಹೆಣ್ಣುಮಕ್ಕಳ ಶಾಲೆಗೆ ಅವಳೊಬ್ಬಳೇ ಶಿಕ್ಷಕಿ. ವಯಸ್ಸು ಇಪ್ಪತ್ತನಾಲ್ಕು. ಮದುವೆಯಾದ ಎರಡನೆಯ ವರ್ಷಕ್ಕೆ ಗಂಡ ತೀರಿಕೊಂಡಿದ್ದ. ನಿಜಾಮರ ಆಡಳಿತ ಮುಗಿದು ಶಾಲೆಗಳು ಉರ್ದುವಿನಿಂದ ಕನ್ನಡಕ್ಕೆ ತಿರುಗಿದಾಗ ಕನ್ನಡ ಬಲ್ಲ ಹೆಂಗಸರು ಸಿಗುವುದೇ ಕಷ್ಟವಾಗಿ, ಅವಳಿಗೆ ಈ ಕೆಲಸ ಸಿಕ್ಕಿತ್ತು.

"ಏನದ, ಅಲ್ಲಿಂದ್ಲೇ ಹೇಳು."

"ನನ್ನ ಮಗಳು ಸುಂದರಬಾಯಿ ಬಾಯಾಗ ಕಲ್ಲು ಇಟ್ಟವರು ನೀವೇ ಏನು?"

"ಎದುರು ಮಾತಾಡಿದ್ಲು."

"ಏನಂತ ಮಾತಾಡಿದ್ಲು?"

ಶರಣಬಸಮ್ಮ ಹಾಜರಿ ಪುಸ್ತಕ ತೆರೆದಳು. ಮುಂದೆ ಕೂತಿದ್ದ ಹುಡುಗಿಯೊಬ್ಬಳು ಎದ್ದು ಹೇಳಿಯೇಬಿಟ್ಟಳು: "ಏಳೆಂಟ್ಲೆ ಐವತ್ನಾಕು ಅಂತ ಅಕ್ಕೋರು ಬರದಿದ್ರು. ಐವತ್ತಾರ ಅಲ್ರಿ ಅಂತ ಸುಂದ್ರಿ ಅಂದ್ಲು."

ಮರೆಮ್ಮ ಒಳಗೇ ಬಂದಳು. "ಅಷ್ಟಕ್ಕ? ನೀರು ತುಂಬೋ ಸೈದಾನಬಿ ಓಡಿಬಂದು ಬೆನ್ನಿಗೆ ಗುದ್ದಿರಲಿಲ್ಲಂದ್ರ ಇವತ್ತು ನಾ ಹೆಣ ಎತ್ತಬೇಕಿತ್ತು. ರಗತ ಕಾರ್‍ಯಾಳ ಹುಡುಗಿ."

"ನಮ್ಮಪ್ಪನೂ ನನಗ ಹಿಂಗೇ ಮಾಡ್ತಿದ್ರು. ನನಗೇನೂ ಆಗಿಲ್ಲ. ಅದಕ್ಕೇ ಇವತ್ತು ಈ ಕುರ್ಚಿ ಮ್ಯಾಲ ಕುಂತೀನಿ."

"ಏನೂ ಆಗಿಲ್ಲ?" ಮರೆಮ್ಮ ನಕ್ಕಳು. "ಹೋದ ತಿಂಗಳು ತಪಾಸಣಿಗೆ ಸಾಹೇಬ ಬಂದಾಗ ನಾ ಇದೇ ಅಂಗಳಕ್ಕ ಫರ್ಸಿ ಕಲ್ಲು ಹಾಸ್ಲಿಕತ್ತಿದ್ದೆ. ಹೆಸರೇನು ಅಂತ ನಿಮಗ ಮೂರು ಸಲ ಕೇಳಿದ. ನೀವು ಎದುರಿನ ಗ್ವಾಡಿ ನೋಡ್ಕೋತ ನಿಂತ್ರಿ. ನಿಮ್ಮ ಹೆಸರು ಸೈದಾನಬಿ ಹೇಳಬೇಕಾತು. ನನ್ನ ಮಗಳು ಖಣಿಯಾಗ ಕೆಲಸ ಹಚ್ಚೋ ಮುಕಾದಮನಿಗೂ ಅಂಜಂಗಿಲ್ಲ. ಆಕೀನ ನಿಮ್ಮಂಗ ಮಾಡಬ್ಯಾಡ್ರಿ."

"ನಡಿ ಹೊರಗ!"

ಮರೆಮ್ಮ, ಮಗಳು ನಿನ್ನೆ ಬಿಟ್ಟುಹೋಗಿದ್ದ ಬರೆಯುವ ಪಾಟಿಯನ್ನು ಎತ್ತಿಕೊಂಡಳು. "ಇನ್ನ ಕಳಸಂಗಿಲ್ಲ ನಾ," ಎಂದವಳೇ ಹೊರಟುಹೋದಳು.

ಅಂದು ಶರಣಬಸಮ್ಮನಿಗೆ ಪಾಠ ಮಾಡಲಾಗಲಿಲ್ಲ. ಮಕ್ಕಳಿಗೆ ಬರೆಯಲು ಹೇಳಿದಳು.

ಚಿತ್ತಾಪುರದಲ್ಲಿ ಅವಳ ತಂದೆ ಬಸವಂತರಾಯರು ಹಿಂದೆ ಕಂದಾಯ ಇಲಾಖೆಯಲ್ಲಿ ಗಿರ್ದಾವರರಾಗಿದ್ದವರು. ಗಂಡುಮಕ್ಕಳಿಲ್ಲದ ಮನೆಯಲ್ಲಿ ಮಗಳಿಗೆ ತಾವೇ ಅಕ್ಷರ ಕಲಿಸಿದರು. ಸಂಜೆ ಪಡಸಾಲೆಯಲ್ಲಿ ನಾಲ್ಕು ಜನ ಸೇರಿದರೆ ಅವಳನ್ನು ಕರೆದು ವಚನ ಹೇಳಿಸುತ್ತಿದ್ದರು. ನಾಲಿಗೆ ಒಮ್ಮೆ ತೊಡರಿದರೆ ಸಾಕು, ಮೇಜಿನ ಮೇಲೆ ಅದಕ್ಕೆಂದೇ ಇಟ್ಟಿದ್ದ ಹರಳನ್ನು ಬಾಯಲ್ಲಿಟ್ಟುಕೊಂಡು ಮೂಲೆಯಲ್ಲಿ ನಿಲ್ಲಬೇಕು. ಜೊಲ್ಲು ಗದ್ದದವರೆಗೆ ಇಳಿಯುತ್ತಿತ್ತು. ಬಂದವರು ನಗುತ್ತಿದ್ದರು. ತಾಯಿ ನೀಲಾಬಾಯಿ ಚಹಾ ತಂದಿಟ್ಟು ತಲೆ ಬಗ್ಗಿಸಿಕೊಂಡು ಒಳಗೆ ಹೋಗುತ್ತಿದ್ದಳು. ಹನ್ನೆರಡು ವರ್ಷ ತುಂಬುವ ಹೊತ್ತಿಗೆ ಹುಡುಗಿ, ಮಾತಾಡದಿದ್ದರೆ ತಪ್ಪೂ ಆಗುವುದಿಲ್ಲ ಎಂಬುದನ್ನು ಕಂಡುಕೊಂಡಳು. ಭಾಳ ಗಂಭೀರ ಹುಡುಗಿ ಎಂದು ಜನ ಹೊಗಳಿದರು. ಅದನ್ನೇ ತನ್ನ ಗುಣವೆಂದು ನಂಬಿ ಬೆಳೆದಳು. ಶಾಲೆಗೆ ಬಂದ ಮೇಲೆ, ಕೇಳದೆಯೇ ಬಾಯಿಬಿಡುವ ಸುಂದರಬಾಯಿಯನ್ನು ಕಂಡರೆ ಅವಳಿಗೆ ಮೈ ಉರಿಯುತ್ತಿತ್ತು. ಯಾಕೆಂದು ಒಮ್ಮೆಯೂ ಕೇಳಿಕೊಂಡಿರಲಿಲ್ಲ.

ಭಾನುವಾರ ವಾಡಿಯಲ್ಲಿ ಗಾಡಿ ಬದಲಿಸಿ ಚಿತ್ತಾಪುರಕ್ಕೆ ಹೋದಳು. ತಂದೆಗೆ ಹೇಳಬೇಕಾದ ಮಾತನ್ನು ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದಳು. ಬಸವಂತರಾಯರು ಪಡಸಾಲೆಯಲ್ಲಿ ಪೇಪರು ಓದುತ್ತಿದ್ದರು.

"ಅಪ್ಪಾ, ಒಂದು ಕೇಳಬೇಕಿತ್ರಿ."

"ಕೇಳು."

"ನನ್ನ ಬಾಯಾಗ ಹರಳು ಯಾಕ ಇಡಿಸ್ತಿದ್ರಿ?"

ಅವರು ಚಷ್ಮಾ ತೆಗೆದರು. "ನಾಲಿಗಿ ತಿದ್ದಾಕ. ತಿದ್ದಿದ್ದಕ್ಕೇ ಇವತ್ತು ಸರ್ಕಾರಿ ಪಗಾರ ಉಣ್ಣಾಕತ್ತಿ."

"ನಾನೂ ಒಂದು ಹುಡುಗಿಗೆ ಇಟ್ಟೆ. ಆಕಿ ಸಾ... ಸಾಯ್..."

ಮಾತು ಅಲ್ಲೇ ನಿಂತುಬಿಟ್ಟಿತು. ಬಸವಂತರಾಯರು ಮತ್ತೆ ಚಷ್ಮಾ ಏರಿಸಿದರು. "ಇನ್ನೂ ತೊದಲ್ತಿ ನೋಡು. ಹೋಗು, ಮೂಲ್ಯಾಗ ನಿಂದ್ರು."

ಅವರು ಅರ್ಧ ತಮಾಷೆಗೆ ಹೇಳಿ ಪೇಪರಿನ ಪುಟ ತಿರುವಿದರು. ಆದರೆ ಶರಣಬಸಮ್ಮನ ಕಾಲುಗಳು ಚಲಿಸಿದವು. ಒಂದು ಹೆಜ್ಜೆ, ಎರಡು ಹೆಜ್ಜೆ. ತಾನು ಮೂಲೆಯ ಕಡೆಗೆ ಹೋಗುತ್ತಿದ್ದೇನೆಂದು ಅವಳಿಗೆ ಗೊತ್ತಾದದ್ದು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ತಾಯಿಯ ಮುಖ ನೋಡಿದಾಗ. ನೀಲಾಬಾಯಿ ತಲೆ ಬಗ್ಗಿಸಿದಳು.

ಶರಣಬಸಮ್ಮ ತಿರುಗಿದಳು.

"ನಿಂದ್ರಂಗಿಲ್ಲ ನಾ." ದನಿ ಒಡೆದಿತ್ತು. "ಆಕಿ ಸಾಯ್ತಿದ್ಲು. ನೀವು ಕಲಿಸಿದ್ದೇ ನಾ ಮಾಡೀನಿ."

"ಶಿಕ್ಷಾ ಕೊಡಾಕೂ ಅಕಲ್ ಬೇಕು. ಅದೂ ಇಲ್ಲ ನಿನಗ."

"ಅವ್ವಾ, ನೀನಾರ ಒಂದು ದಿನ ಬ್ಯಾಡ ಅಂದಿದ್ರ ಏನಾಗ್ತಿತ್ತು?"

"ರೊಟ್ಟಿ ಮಾಡೀನಿ. ಉಂಡು ಹೋಗು," ಎಂದಳು ನೀಲಾಬಾಯಿ.

ಶರಣಬಸಮ್ಮ ಉಣ್ಣಲಿಲ್ಲ. ಸ್ಟೇಷನ್ನಿನ ಬೆಂಚಿನ ಮೇಲೆ ಕೂತು, ಗಾಡಿ ಬರುವವರೆಗೂ ತನ್ನ ಕಾಲುಗಳನ್ನೇ ನೋಡುತ್ತಿದ್ದಳು. ಅವುಗಳ ಮೇಲೆ ಅವಳಿಗೆ ಸಿಟ್ಟು ಬಂದಿತ್ತು.

ಸೋಮವಾರ ಶಾಲೆ ಬಿಟ್ಟ ಮೇಲೆ ಖಣಿಯ ಪಕ್ಕದ ಗುಡಿಸಲಿಗೆ ಹೋದಳು. ಮರೆಮ್ಮ ಒಲೆ ಊದುತ್ತಿದ್ದಳು. ಕುಂದ್ರಿ ಎನ್ನಲಿಲ್ಲ. ಸುಂದರಬಾಯಿ ತಾಯಿಯ ಬೆನ್ನ ಹಿಂದೆ ಸರಿದಳು.

"ತಪ್ಪಾತು," ಎಂದಳು ಶರಣಬಸಮ್ಮ.

"ನನಗ್ಯಾಕ ಹೇಳ್ತೀರಿ? ಕಲ್ಲು ಇಟ್ಟಾಗ ಎಲ್ಲಾ ಹುಡುಗ್ಯಾರು ನೋಡ್ಯಾರ. ಅವರ ಎದುರೇ ಹೇಳ್ರಿ. ನಾಳಿ ಬರ್ತೀನಿ, ಕೇಳ್ತೀನಿ. ಈಗ ನಡೀರಿ."

ಮರುದಿನ ಮರೆಮ್ಮ ಮಗಳನ್ನು ಕರೆದುಕೊಂಡು ಬಂದು ಬಾಗಿಲಲ್ಲಿ ನಿಂತಳು. ಶರಣಬಸಮ್ಮ ಕುರ್ಚಿ ಬಿಟ್ಟು ಎದ್ದು ಮಕ್ಕಳ ಮುಂದೆ ಬಂದು ನಿಂತಳು. ಆಮೇಲೆ, "ಸುಂದರಬಾಯಿ ಹೇಳಿದ್ದು ಖರೆ ಇತ್ತು. ಲೆಕ್ಕ ತಪ್ಪಿದ್ದು ನಾನು. ಆಕಿ ಬಾಯಾಗ ಕಲ್ಲು ಇಟ್ಟದ್ದೂ ನನ್ನ ತಪ್ಪು," ಎಂದಳು. ಹಿಂದಿನಿಂದ ಇಬ್ಬರು ಕಿಸಕ್ಕನೆ ನಕ್ಕರು. ಅವಳ ಕೈ ಬೆತ್ತದ ಕಡೆಗೆ ಹೋಯಿತು. ಅರ್ಧದಲ್ಲೇ ತಡೆದಳು.

ಮರೆಮ್ಮ ಮಗಳನ್ನು ಒಳಗೆ ಬಿಟ್ಟು ಹೋದಳು.

ಸುಂದರಬಾಯಿ ದಿನಾ ಬಂದಳು. ಆದರೆ ಆ ವರ್ಷವಿಡೀ ಅಕ್ಕೋರ ಎದುರು ಬಾಯಿ ತೆರೆಯಲಿಲ್ಲ. ಹೆಸರು ಕರೆದರೆ ಕೈ ಎತ್ತುತ್ತಿದ್ದಳು, ಅಷ್ಟೆ. ಮಧ್ಯಾಹ್ನ ಮಾತ್ರ ಹಿತ್ತಿಲ ಬೇವಿನ ಕೆಳಗೆ ಸೈದಾನಬಿಗೆ ಪಾಠ ಓದಿ ಹೇಳುತ್ತಿದ್ದಳು: ಗಟ್ಟಿ ದನಿಯಲ್ಲಿ, ತಪ್ಪಿದಲ್ಲಿ ತಾನೇ ನಕ್ಕು, ಮತ್ತೆ ಓದುತ್ತ. ಶರಣಬಸಮ್ಮ ಕಿಟಕಿಯ ಹತ್ತಿರ ನಿಂತು ಕೇಳುತ್ತಿದ್ದಳು. ಒಂದು ದಿನ ಹುಡುಗಿ ತಲೆಯೆತ್ತಿ ಅವಳನ್ನು ನೋಡಿದಳು. ದನಿ ಥಟ್ಟನೆ ನಿಂತಿತು. ಪುಸ್ತಕ ಮುಚ್ಚಿತು.

ಆಮೇಲೆ ಶರಣಬಸಮ್ಮ ಮಧ್ಯಾಹ್ನದ ಹೊತ್ತು ಆ ಕಿಟಕಿಯ ಬಳಿ ಸುಳಿಯಲಿಲ್ಲ. ನಾಲ್ಕು ದಿನ ಬಿಟ್ಟು ಓದು ಮತ್ತೆ ಕೇಳಿಸಿತು.